ಹಿಡಿಕೆಯ ಮೇಲಿನ ಟವಲು

ಮಣ್ಣು ಮಾಡಿ ಬಂದ ಮರುದಿನ, 1974ರ ಫೆಬ್ರವರಿ 12ರ ಬೆಳಿಗ್ಗೆ, ಹತ್ತಿ ಮಿಲ್ಲಿನ ಸೈರನ್ ಎಂದಿನಂತೆ ಕೂಗಿತು. ಏಕನಾಥಮ್ಮ ರೂಢಿಯಂತೆ ಗಂಡನ ಸ್ನಾನಕ್ಕೆ ನೀರು ಕಾಯಿಸಿದಳು. ಆಮೇಲೆ ಒಲೆ ಆರಿಸಿ ಚಿತ್ರದುರ್ಗದ ಠಾಣೆಗೆ ನಡೆದಳು.

“ನಮ್ಮನೆಯವ್ರು ಕರಿಸಿದ್ದಪ್ಪ, ತಮ್ಮ ತಪ್ಪಿಂದ್ಲೇ ಮಿಷಿನ್‌ಗೆ ಸಿಕ್ಕಿ ಸತ್ರು ಅಂತ ಮಿಲ್ಲಿನೋರು ಬರೆದವ್ರೆ. ಅದು ಸುಳ್ಳು.”

“ಕುಂತ್ಕಳ್ರಿ. ಹೆಂಗೆ ಹೇಳ್ತೀರಿ?” ಸಬ್ ಇನ್ಸ್‌ಪೆಕ್ಟರ್ ತಿಮ್ಮರಾಯಪ್ಪ ಕೇಳಿದ.

“ಮಿಷಿನ್ ಒಳಗೆ ಕೈ ಹಾಕೋರು ಮೊದ್ಲು ಸ್ವಿಚ್ಚಿನ ಹಿಡಿಕೆಗೆ ಟವಲು ಹಾಕ್ತಾರೆ. ಟವಲು ಇದ್ರೆ ಯಾರೂ ಸ್ವಿಚ್ ಎತ್ತಂಗಿಲ್ಲ. ಇವ್ರು ಹಾಕಿರ್ಲಿಲ್ವಂತೆ. ಚಪ್ಪಲಿ, ಅಂಗಿ ಮನೆಗೆ ಬಂದ್ವು. ಟವಲು ಎಲ್ಲಿ?”

ಎಫ್‌ಐಆರ್ ದಾಖಲಾಯಿತು. ಟವಲು ಸಿಕ್ಕರೆ ಗುರುತಿಸಲೆಂದು ಅವಳನ್ನೂ ಕೂರಿಸಿಕೊಂಡು, ಪಂಚರೊಂದಿಗೆ ಜೀಪು ಮಿಲ್ಲಿಗೆ ಹೋಯಿತು.

ಸ್ವಿಚ್ಚು ಎತ್ತುವ ಕೆಲಸ ಪಾಲಣ್ಣನದು.

“ಟವಲು ಇತ್ತಾ?”

“ಇರ್ಲಿಲ್ಲ ಸಾರ್.”

“ಇದ್ದಿದ್ರೆ?”

“ಮುಟ್ತಿರ್ಲಿಲ್ಲ.”

ಮೇಸ್ತ್ರಿ ರಂಗಪ್ಪ ಹೇಳಿದ್ದೂ ಅದೇ.

ತಿಮ್ಮರಾಯಪ್ಪ ವಾದಿಸಲಿಲ್ಲ. ಊಟದ ಹೊತ್ತಿನಲ್ಲಿ ಆ ಯಂತ್ರದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಕಾನ್‌ಸ್ಟೇಬಲ್ ಎತ್ತಪ್ಪನ ಟವಲನ್ನು ಹಿಡಿಕೆಗೆ ಹಾಕಿಸಿದ.

“ಸಾರ್, ನಂಗಿರೋದು ಇದೊಂದೇ ಟವಲು.”

“ಹೋದ್ರೆ ಸರ್ಕಾರಕ್ಕೆ ಅರ್ಜಿ ಹಾಕ್ಕಳಯ್ಯ. ನಡಿ, ಮರೆಗೆ ಹೋಗಾಣ.”

ಸೈರನ್ ಕೂಗಿತು. ಪಾಲಣ್ಣ ಯಾರೊಂದಿಗೋ ಮಾತಾಡುತ್ತ ಬಂದ. ಮಾತು ನಿಲ್ಲಿಸದೆ ಟವಲನ್ನೆಳೆದು ಮೂಟೆಗಳ ಹಿಂದಕ್ಕೆ ಎಸೆದ, ಹಿಡಿಕೆ ಎತ್ತಿದ. ಯಂತ್ರ ಅಲುಗಲಿಲ್ಲ. ಆಗ ಅವನು ತನ್ನ ಕೈ ನೋಡಿಕೊಂಡ.

ಮೂಟೆಗಳ ಹಿಂದೆ ಧೂಳು ಹಿಡಿದ ಟವಲುಗಳ ಗುಡ್ಡೆಯೇ ಇತ್ತು. ಏಕನಾಥಮ್ಮ ಕೆಂಪಂಚಿನದೊಂದನ್ನು ತೋರಿಸಿದಳು. ಪಂಚನಾಮೆ ಬರೆದು ಅದನ್ನು ವಶಕ್ಕೆ ಪಡೆದರು.

“ಮೊದಮೊದ್ಲು ಟವಲು ಕಂಡ್ರೆ ನಿಲ್ತಿದ್ದೆ ಸಾರ್,” ಠಾಣೆಯಲ್ಲಿ ಪಾಲಣ್ಣ ಹೇಳಿದ. “ಟವಲು ಹಾಕಿ ಬೀಡಿ ಸೇದಾಕೆ ಹೋಗೋರೂ ಇದ್ರು. ನಾನು ಕಾದ್ರೆ ಮೇಸ್ತ್ರಿ, ‘ಏನಪ್ಪ, ಟವಲಿಗೆ ಪೂಜೆ ಮಾಡ್ತಿದೀಯಾ?’ ಅನ್ನೋನು. ಎಲ್ರೂ ನಗೋರು.” ಏಕನಾಥಮ್ಮನ ಕಡೆ ನೋಡದೆ ಸೇರಿಸಿದ: “ಕರಿಸಿದ್ದಪ್ಪನೂ ನಗೋನು.”

ಸಂಜೆ ಪಾಲಣ್ಣ, ಮೇಸ್ತ್ರಿ ಇಬ್ಬರನ್ನೂ ಬಂಧಿಸಲಾಯಿತು. “ಕಿತ್ತೆಸಿ ಅಂತ ನಾನು ಯಾವತ್ತೂ ಹೇಳಿಲ್ಲ,” ಎಂದು ರಂಗಪ್ಪ ಹೇಳುತ್ತಲೇ ಇದ್ದ. ಅದು ನಿಜವೂ ಆಗಿತ್ತು. ಸತ್ತವನ ತಪ್ಪು ಎಂಬ ಮಾತು ಮಾತ್ರ ಕಡತದಲ್ಲಿ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಏಕನಾಥಮ್ಮ ಪಾಲಣ್ಣನ ಮನೆಗೆ ಹೋದಳು. ಅವನ ಹೆಂಡತಿ ಉಚ್ಚಂಗೆಮ್ಮ ಬಾಗಿಲಲ್ಲೇ ನಿಂತಳು.

“ನಮ್ಮನೆಯವ್ರು ನಿಮ್ಮೋರತ್ರ ಈಸ್ಕಂಡಿದ್ದು,” ಎಂದು ಏಕನಾಥಮ್ಮ ಬುತ್ತಿ ಡಬ್ಬಿ ಚಾಚಿದಳು.

ಉಚ್ಚಂಗೆಮ್ಮ ಅದನ್ನು ಕೈಯಲ್ಲಿ ತೂಗಿದಳು. “ಏನಕ್ಕ ಇದ್ರಾಗೆ?”

“ಬೆಲ್ಲ. ಖಾಲಿ ಡಬ್ಬಿ ಹೆಂಗೆ ಕೊಡ್ಲಿ?”