ಬಿಚ್ಚದ ಎರಡು ಪಟ್ಟಿ

ಹೆಣ್ಣು ನೋಡಲು ಹುಕ್ಕೇರಿಯವರು ಬರುವುದಕ್ಕೆ ಹತ್ತು ನಿಮಿಷ ಇರುವಾಗ ಅವ್ವ ಟ್ರಂಕು ತೆಗೆದು, ಆ ಉಲ್ಲನ್ ಹೊದಿಕೆಯನ್ನು ಕೊಡವಿ, ಸೋಫಾದ ಬೆನ್ನಿಗೆ ಹಾಸಿದಳು.

ದಾಕ್ಷಾಯಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಅನ್ನಬೇಕು ಅನಿಸಿತು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಅವಳು ಉತ್ತರವನ್ನು ಮೊದಲೇ ಜೋಡಿಸಿಟ್ಟುಕೊಂಡು ಬಾಯಿ ತೆರೆಯುವವಳು. ಈ ಪ್ರಶ್ನೆಗೆ ಅವಳ ಹತ್ತಿರ ಏನೂ ಜೋಡಿಸಿಟ್ಟಿರಲಿಲ್ಲ.

“ಅವ್ವಾ, ಅದ್ಯಾಕ ಈಗ?”

“ನಾಲ್ಕು ತಿಂಗಳು ಕುಂತು ಹೆಣದೀಯಲ್ಲ, ಟ್ರಂಕಿನ್ಯಾಗ ನುಸಿ ತಿನ್ಲಿ ಅಂತೇನು? ಹುಡುಗನ ಅತ್ತಿ ಹುಕ್ಕೇರ್ಯಾಗ ಮೂವತ್ತು ವರ್ಷ ಹೆಣಿಕಿ ಕ್ಲಾಸ್ ನಡೆಸ್ಯಾರಂತ. ಅವರೂ ನೋಡ್ಲಿ, ನನ್ನ ಮಗಳ ಕೈ ಎಂಥಾದ್ದು ಅಂತ.”

ಮೂವತ್ತು ವರ್ಷ. ದಾಕ್ಷಾಯಿಣಿ ಹೊದಿಕೆಯ ಅಂಚಿನತ್ತ ನೋಡಿದಳು.

ಬೆಲ್ಲದ ಬಣ್ಣದ ಹೊದಿಕೆ ಅದು. ಉದ್ದುದ್ದ ಐದು ಪಟ್ಟಿಗಳು, ಸುತ್ತಲೂ ಹುಣಸೆ ಬಣ್ಣದ ದಡಿ. ನಟ್ಟನಡುವಿನ ಪಟ್ಟಿಯಲ್ಲಿ ಬುಟ್ಟಿಯ ಹೆಣಿಕೆ, ಅದರ ಎರಡೂ ಬದಿಯ ಪಟ್ಟಿಗಳಲ್ಲಿ ಉಬ್ಬಿಕೊಂಡ ಜಡೆ. ಈ ಮೂರು ಅವಳವು. ತೀರ ಹೊರಗಿನ ಎರಡು ಪಟ್ಟಿಗಳಲ್ಲಿ ಮುಟ್ಟಿದರೆ ಬೆರಳಿಗೆ ಕಾಳುಕಾಳಾಗಿ ಸಿಗುವ ಜೋಳದ ಹೆಣಿಕೆ.

ಆ ಎರಡು ಅವಳವಲ್ಲ.

ಅವ್ವನಿಗೆ ಅವು ನಂದಿನಿ ಹೆಣೆದವು ಅಂತ ಹೇಳಿದ್ದಳು. ನಂದಿನಿ ಅವಳ ಜೊತೆ ಗೋಕಾಕದ ಫಿಜಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಕ್ಲಿನಿಕ್ಕಿನಲ್ಲಿ ಹೆಣೆದದ್ದು ಅನ್ನುವ ಮಾತು ಮಾತ್ರ ಖರೆ. ಹೆಣೆದವರ ಹೆಸರು ಸುಳ್ಳು.

*

ಕೇದಾರಿ ಕಲ್ಲೋಳಿಯವನು. ಮೂಡಲಗಿಯ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಒಂದು ದಿನ ಟ್ರಾಲಿಯ ಕೊಂಡಿ ಎಡಗೈ ಮೇಲೆ ಬಿತ್ತು. ಆಪರೇಶನ್ ಆದಮೇಲೂ ಎರಡು ಬೆರಳು ಮಡಚಲಿಲ್ಲ. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಕ್ಲಿನಿಕ್ಕಿಗೆ ಬಂದು, ರಿಸೆಪ್ಶನ್ ಎದುರಿನ ಬೆಂಚಿನ ಮೇಲೆ ಕೂತು ರಬ್ಬರ್ ಚೆಂಡು ಹಿಸುಕುತ್ತಿದ್ದ. ಅವಳು ಟೇಬಲ್ಲಿನ ಹಿಂದೆ, ಪೇಶಂಟುಗಳು ಕಡಿಮೆಯಿದ್ದಾಗ, ಮಡಿಲಲ್ಲಿ ಉಲ್ಲನ್ ಇಟ್ಟುಕೊಂಡು ಹೆಣೆಯುತ್ತಿದ್ದಳು.

“ಮೇಡಂ, ಈ ಚೆಂಡು ನನ್ನ ನೋಡಿ ನಗಾಕತ್ತೇತ್ರಿ.”

“ಚೆಂಡು ನಗಂಗಿಲ್ಲ. ಇನ್ನ ಇಪ್ಪತ್ತು ಸಲ ಅದಾವ, ಮುಗಸ್ರಿ.”

“ಎಣಸಾಕತ್ತೀರಿ ಅಂದ್ರ ನೋಡಾಕತ್ತೀರಿ ಅಂತಾತು.”

ಅವಳ ಕಡ್ಡಿಯಿಂದ ಒಂದು ಕುಣಿಕೆ ಜಾರಿತು. ತಲೆ ತಗ್ಗಿಸಿ ಅದನ್ನು ಹುಡುಕಿ ಮೇಲೆತ್ತಿದಳು. ತಲೆ ಎತ್ತಿದಾಗ ಅವನು ಚೆಂಡನ್ನಲ್ಲ, ಅವಳ ಬೆರಳುಗಳನ್ನು ನೋಡುತ್ತಿದ್ದ. ನಗುತ್ತಿರಲಿಲ್ಲ. ತನ್ನ ಕೈತಪ್ಪಿದ ಕೆಲಸವನ್ನು ಇನ್ನೊಬ್ಬರು ಮಾಡುವಾಗ ಕೆಲಸಗಾರ ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದ.

ಡಾಕ್ಟರನ್ನು ಕೇಳಿ ಅವನ ಕೈಗೆ ಎರಡು ಕಡ್ಡಿ ಕೊಟ್ಟವಳು ಅವಳೇ. ಒಂದು ಕುಣಿಕೆ ಸೀದಾ, ಒಂದು ಉಲ್ಟಾ. ಮುಂದಿನ ಸಾಲಿನಲ್ಲಿ ಸೀದಾ ಇದ್ದಲ್ಲಿ ಉಲ್ಟಾ. ಅಷ್ಟೇ. ಜೋಳದ ಕಾಳು ತಾನಾಗಿ ಏಳುತ್ತದೆ. ಮೊದಲ ದಿನ ನಾಲ್ಕು ಸಾಲಿಗೆ ಅವನ ಹಣೆಯ ಮೇಲೆ ಬೆವರು ನಿಂತಿತ್ತು. ಅವಳು ಅದನ್ನು ಹಿಡಿದು ನೋಡಿ, ಮುಖಕ್ಕೆ ಹೊಡೆದಂತೆ ಹೇಳಿದ್ದಳು:

“ಭಾಳ ಬಿಗಿ ಆಗೇತಿ. ಹಿಂಗ ಹೆಣದ್ರ ಹೊದಿಕಿ ಅಲ್ರಿ, ಹಲಗಿ ಆಗ್ತೈತಿ.”

“ಸಡಿಲ ಬಿಟ್ರ ಜಾರತೈತ್ರಿ.”

“ಜಾರಿದ್ರ ಮತ್ತ ಎತ್ತಬಹುದು.”

“ಅದು ನಿಮಗ,” ಅಂದ ಅವನು.

ಮೊದಲ ಪಟ್ಟಿ ಅರ್ಧಕ್ಕೆ ಬಂದಾಗ, ಇದು ಯಾರಿಗೆ ಅಂತ ಕೇಳಿದ್ದ. ಅವ್ವ ನನ್ನ ಲಗ್ನಕ್ಕೆ ಎತ್ತಿಡುತ್ತಾಳೆ ಅಂತ ಅವಳು ಹೇಳಿದ್ದಳು. ಅವನು ಒಂದು ಸಾಲು ಪೂರ್ತಿ ಹೆಣೆದು ಮುಗಿಸಿದ. ಆಮೇಲೆ, “ಹಂಗಾರ ಇನ್ನೊಂದು ಪಟ್ಟಿನೂ ನನಗ ಕೊಡ್ರಿ,” ಅಂದ.

ಎರಡನೆಯ ಪಟ್ಟಿ ಮುಗಿಸಿ ಕೊಟ್ಟ ದಿನವೇ ಕೊನೆ. ಮೂರು ವಾರವಾಯಿತು, ಅವನು ಬಂದಿರಲಿಲ್ಲ. ಫೋನ್ ನಂಬರು ರಿಜಿಸ್ಟರಿನಲ್ಲಿತ್ತು. ದಿನಕ್ಕೊಮ್ಮೆ ಆ ಪುಟ ತೆರೆದು ಮುಚ್ಚುತ್ತಿದ್ದಳು.

*

ಉಮೇಶ ಹುಕ್ಕೇರಿಯ ಹೈಸ್ಕೂಲಿನಲ್ಲಿ ಮಾಸ್ತರ. ಮಾತಿಗೊಮ್ಮೆ ಕನ್ನಡಕ ಸರಿಮಾಡಿಕೊಳ್ಳುವ, ಮೆತ್ತಗಿನ ಮನುಷ್ಯ. ಜೊತೆಗೆ ಅವನ ತಂದೆ, ಮತ್ತೆ ಸೋದರತ್ತೆ ಯಲ್ಲಕ್ಕ. ಅಪ್ಪ ಅವರನ್ನು ಬರಮಾಡಿಕೊಂಡು ಕೂರಿಸಿದರು. ಚಹಾ ಆಯಿತು, ಕರದಂಟಿನ ತಾಟು ಒಂದು ಸುತ್ತು ಬಂತು. ಬಿ.ಕಾಂ. ಯಾವ ವರ್ಷ, ಪಗಾರ ಎಷ್ಟು, ಲಗ್ನವಾದಮೇಲೆ ಕೆಲಸ ಬಿಡುತ್ತೀಯೋ ಹೇಗೆ, ಎಲ್ಲಕ್ಕೂ ದಾಕ್ಷಾಯಿಣಿ ಅಳೆದು ಉತ್ತರ ಕೊಟ್ಟಳು. ಆದರೆ ಅವಳ ಕಣ್ಣು ಇದ್ದದ್ದು ಯಲ್ಲಕ್ಕನ ಬಲಗೈ ಮೇಲೆ.

ಆ ಕೈ ಮಾತಿನ ನಡುವೆ ತನ್ನಷ್ಟಕ್ಕೆ ಹೊದಿಕೆಯ ಮೇಲೆ ಓಡಾಡುತ್ತಿತ್ತು. ಬುಟ್ಟಿ ಮುಟ್ಟಿತು. ಜಡೆ ಮುಟ್ಟಿತು. ಜೋಳದ ಹತ್ತಿರ ಬಂದು ನಿಂತಿತು. ಯಲ್ಲಕ್ಕ ಕತ್ತು ಹೊರಳಿಸಿ ನೋಡಿದಳು. ಹೊದಿಕೆಯನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, ತುದಿ ಮಗುಚಿ ಹಿಂಬದಿ ನೋಡಿದಳು.

“ಚಂದ ಹೆಣದಿ ತಂಗಿ. ಜಡಿ ಅಂತೂ ಅಗದೀ ಚಲೋ ಬಿದ್ದಾವ.” ಒಂದು ಕ್ಷಣ ಬಿಟ್ಟು, “ಆದ್ರ ಇದು ಎರಡು ಕೈ ಹೆಣಿಕಿ ಐತಿ.”

“ಹೌದ್ರಿ,” ಅಂದಳು ಅವ್ವ ಲಗುಬಗೆಯಿಂದ. “ಅಂಚಿನ ಎರಡು ಪಟ್ಟಿ ಆಕಿ ಗೆಳತಿ ನಂದಿನಿ ಹೆಣದಾಳ.”

“ಹೌದೇನ್ರಿ?” ಯಲ್ಲಕ್ಕ ದಡಿಯನ್ನು ಎರಡು ಬೆರಳಲ್ಲಿ ಹಿಡಿದಳು. “ಇಲ್ನೋಡು ತಂಗಿ. ಈ ಪಟ್ಟಿ ಬಿಗಿ. ಕುಣಿಕಿ ಎಲ್ಲಿ ಜಾರಿ ಹೋಗ್ತೈತೋ ಅನ್ನೂ ಅಂಜಿಕಿಲೆ ಹೆಣದಾರ. ಅದಕ್ಕ ಗಿಡ್ಡ ಆಗೇತಿ. ನೀ ಅದನ್ನ ಜಗ್ಗಿ ಜಗ್ಗಿ ಸಮ ಮಾಡಿ ದಡಿ ಕಟ್ಟೀದಿ. ಮೂರು ಪಟ್ಟಿ ಹಿಂಗ ಹೆಣಿಯುವಾಕಿಗೆ ಇದು ತಿಳಿಯಂಗಿಲ್ಲಾ? ನಮ್ಮ ಕ್ಲಾಸಿನ್ಯಾಗ ಹೊಸಾ ಹುಡುಗ್ಯಾರೂ ಇಂಥಾ ಪಟ್ಟಿ ಬಿಚ್ಚಿ ಮತ್ತ ಹೆಣೀತಾರ. ನೀ ಯಾಕ ಬಿಚ್ಚಲಿಲ್ಲ?”

“ಅತ್ತೀ,” ಉಮೇಶ ಕನ್ನಡಕ ಸರಿಮಾಡಿಕೊಂಡ. “ನಾವು ಕನ್ಯಾ ನೋಡಾಕ ಬಂದೇವಿ. ಪರೀಕ್ಷಾ ತಗೊಳ್ಳಾಕಲ್ಲ.”

ಎಲ್ಲರೂ ನಕ್ಕರು. ಯಲ್ಲಕ್ಕ ನಗಲಿಲ್ಲ. ಕೆಣಕುವ ಮುಖವಲ್ಲ ಅವಳದು. ಹೆಣೆಯುವವಳೊಬ್ಬಳು ಇನ್ನೊಬ್ಬಳನ್ನು ಕೇಳುತ್ತಿದ್ದಳು, ಅಷ್ಟೇ.

ದಾಕ್ಷಾಯಿಣಿಗೆ ಉತ್ತರ ಸಿದ್ಧವಿತ್ತು ಈ ಸಲ. ಟೈಮ್ ಸಿಗಲಿಲ್ಲರಿ. ಎರಡೇ ಮಾತು, ಎಲ್ಲ ಮುಗಿಯುತ್ತಿತ್ತು. ಬಿಚ್ಚಲು ಕೂತಿದ್ದಳು ಕೂಡ, ಒಂದಲ್ಲ, ಆರು ಸಂಜೆ. ಕೊನೆಯ ಗಂಟು ಬಿಡಿಸಿ ಎಳೆಯ ತುದಿ ಹಿಡಿದರೆ ಸಾಕು, ಜೋಳದ ಕಾಳು ಸರಸರನೆ ಉದುರುತ್ತದೆ. ಮಡಚದ ಎರಡು ಬೆರಳು ಒಂದೊಂದು ಕಾಳಿಗೆ ಎಷ್ಟು ಹೊತ್ತು ತಡಕಾಡಿದ್ದವು ಅಂತ ಅವಳು ಟೇಬಲ್ಲಿನ ಹಿಂದಿನಿಂದ ನೋಡಿದ್ದಳು. ಆರು ಸಂಜೆಯೂ ಗಂಟು ಹಾಗೇ ಇತ್ತು.

ಟೈಮ್ ಸಿಗಲಿಲ್ಲ ಅಂದರೆ ಈ ಹೊದಿಕೆ ಹುಕ್ಕೇರಿಗೆ ಹೋಗುತ್ತದೆ. ಅದರ ಜೊತೆ ಅವಳೂ.

“ಬಿಚ್ಚಾಕ ಮನಸ್ಸಾಗಲಿಲ್ಲರಿ,” ಅಂದಳು.

ಅವ್ವನ ಕೈಯಲ್ಲಿದ್ದ ತಾಟು ನಿಂತಿತು.

“ಅದು ನಂದಿನಿ ಹೆಣದಿದ್ದಲ್ಲ,” ದಾಕ್ಷಾಯಿಣಿ ಮುಂದುವರಿಸಿದಳು. ತನ್ನ ದನಿ ಇಷ್ಟು ನೆಟ್ಟಗಿದೆ ಅನ್ನುವುದೇ ಅವಳಿಗೆ ಭಯ ಹುಟ್ಟಿಸಿತು. “ನಮ್ಮ ಕ್ಲಿನಿಕ್ಕಿಗೆ ಬರ್ತಿದ್ರು, ಕೇದಾರಿ ಅಂತ. ಅವರು ಹೆಣದಿದ್ದು.”

 ಯಲ್ಲಕ್ಕ ಹೊದಿಕೆಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, “ಹಂಗಾರ ಬಿಚ್ಚಬ್ಯಾಡ,” ಅಂದಳು. ಎದ್ದಳು.

ಹೊರಗೆ ಚಪ್ಪಲಿ ಮೆಟ್ಟುವಾಗ ಉಮೇಶ ತಗ್ಗಿದ ದನಿಯಲ್ಲಿ ಹೇಳಿದ: “ಇವತ್ತ ಹೇಳಿದ್ದು ಚಲೋ ಆತ್ರಿ. ಆಮ್ಯಾಲ ಗೊತ್ತಾಗಿದ್ರ ಇಬ್ಬರಿಗೂ ತ್ರಾಸ ಇತ್ತು.” ಅವನ ತಂದೆ ಮಾತ್ರ ಯಾರಿಗೂ ಬರುತ್ತೇನೆ ಅನ್ನದೆ ಕಾರು ಹತ್ತಿದರು.

*

ಅವ್ವ ಅವತ್ತಿನಿಂದ ಮಾತು ಬಿಟ್ಟಳು. ಮರುದಿನ ಮುಂಜಾನೆ ಅಪ್ಪ ಪೇಪರ್ ಮಡಚಿಟ್ಟು ಕರೆದು, ಕೇದಾರಿಯ ಊರು, ಕೆಲಸ ಕೇಳಿ ತಿಳಿದುಕೊಂಡರು.

“ಆ ಹುಡುಗ ನಿನಗ ಏನರೆ ಮಾತು ಕೊಟ್ಟಾನೇನು?”

“ಇಲ್ಲ.”

“ನೀ ಕೊಟ್ಟಿಯೇನು?”

“ಇಲ್ಲಪ್ಪಾ.”

ಅಪ್ಪ ಪೇಪರನ್ನು ಪಕ್ಕಕ್ಕೆ ಸರಿಸಿದರು. “ಮಾತಿಲ್ಲ ಕತಿ ಇಲ್ಲ, ಬೀಗರ ಮುಂದ ಹೆಸರು ಹೇಳಿ ಕುಂತಿ. ಉಮೇಶನ ಸೋದರಮಾವನ ಊರೂ ಕಲ್ಲೋಳಿನ. ಎರಡು ದಿನದಾಗ ಸುದ್ದಿ ಅಲ್ಲಿ ಮುಟ್ತೈತಿ. ಅದಕ್ಕಿಂತ ಮೊದಲ ನೀನ ಹೋಗಿ ಹೇಳು. ಅವ ಹೂಂ ಅಂದ್ರ ಗುರುವಾರ ಮನಿಗೆ ಬಾ ಅನ್ನು. ಒಲ್ಲೆ ಅಂದ್ರ ಈ ಮಾತು ಇಲ್ಲಿಗೆ ಮುಗೀತು, ಮುಂದ ನಾವು ತೋರಿಸಿದ ಕಡೆ ಆಗಬೇಕು. ಒಪ್ಪಿಗಿ ಐತಿಲ್ಲೋ?”

“ಐತಿ,” ಅಂದಳು. ಬೇರೆ ಏನು ಹೇಳಲೂ ಅವಳಿಗೆ ಹಕ್ಕಿರಲಿಲ್ಲ.

ಮೂಡಲಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಾತು ಜೋಡಿಸಿದಳು. ಜೋಡಿಸಿದ್ದನ್ನು ಮತ್ತೆ ಕೆಡವಿದಳು. ಕಬ್ಬಿನ ಟ್ರಾಲಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮೂರು ವಾರ ಬಾರದೆ ಇರುವವನು ಬೇಡ ಅಂತಲೇ ಬಿಟ್ಟಿರಬೇಕು. ಅವನಿಗೆ ಅದು ಬೆರಳಿನ ವ್ಯಾಯಾಮ, ಅಷ್ಟೇ ಆಗಿದ್ದರೆ? ಹಾಗಾದರೆ ಅವಳು ಒಬ್ಬ ಪೇಶಂಟಿನ ಹೆಸರನ್ನು ಊರೂರಿಗೆ ಹರಾಜಿಗಿಟ್ಟಂತಾಯಿತು.

ಗ್ಯಾರೇಜು ಬಸ್‌ಸ್ಟ್ಯಾಂಡಿನಿಂದ ಕಾಣುವಷ್ಟು ಹತ್ತಿರ. ಕೇದಾರಿ ಬೋಲ್ಟು-ನಟ್ಟುಗಳ ಕೌಂಟರಿನ ಹಿಂದೆ ಕೂತಿದ್ದ. ಅವಳನ್ನು ಕಂಡವನೇ ಎದ್ದ. ಎಡಗೈಯನ್ನು ತನಗೆ ಗೊತ್ತಿಲ್ಲದೆ ಬೆನ್ನ ಹಿಂದೆ ಸರಿಸಿದ.

“ಬರ್ರಿ ಮೇಡಂ.” ಒಂದು ಸ್ಟೂಲು ಒರೆಸಿ ಮುಂದೆ ದೂಡಿದ. “ಪತ್ರಿಕಾ ಕೊಡಾಕ ಬಂದ್ರೇನು? ಲಗ್ನ ಯಾವಾಗ?”

“ನಿಮಗ ಯಾರು ಹೇಳಿದ್ರು ಲಗ್ನ ಅಂತ?”

“ನಂದಿನಿ ಮೇಡಂ. ಹುಕ್ಕೇರಿ ಮಾಸ್ತರ, ಇನ್ನೇನು ಫಿಕ್ಸ್ ಆದಂಗ ಐತಿ ಅಂದ್ರು. ಮತ್ತ ನಾ ಬಂದು ಆ ಬೆಂಚಿನ ಮ್ಯಾಲ ಕುಂದ್ರೋದು ಸರಿ ಅನಸಲಿಲ್ಲ.”

ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಜೋಡಿಸಿ ತಂದದ್ದೆಲ್ಲ ಬಸ್ಸಿನಲ್ಲೇ ಉಳಿದಿತ್ತು.

“ನಿನ್ನಿ ಅವರು ಬಂದಿದ್ರು. ಹೊದಿಕಿ ನೋಡಿ, ಈ ಪಟ್ಟಿ ಯಾಕ ಬಿಚ್ಚಿಲ್ಲ ಅಂತ ಕೇಳಿದ್ರು. ನಾ ಅವರ ಮುಂದ ನಿಮ್ಮ ಹೆಸರು ಹೇಳೀನಿ.”

ಅವನ ಮುಖದಲ್ಲಿ ಅವಳು ಹುಡುಕಿದ್ದು ಕಾಣಲಿಲ್ಲ. ಬಿಗಿಯಾಯಿತು ಮುಖ.

“ನನ್ನ ಕೇಳಲಾರದ?”

“ಹೌದು. ತಪ್ಪು. ಅದನ್ನ ಹೇಳಾಕ ಬಂದೇನಿ.”

“ಮೇಡಂ, ನೋಡ್ರಿ.” ಎಡಗೈ ಮುಂದೆ ತಂದು ಕೌಂಟರಿನ ಮೇಲಿಟ್ಟ. ಎರಡು ಬೆರಳು ನೆಟ್ಟಗೆ ನಿಂತಿದ್ದವು. “ಸ್ಪಾನರ್ ಹಿಡಿಯಾಕ ಬರಂಗಿಲ್ಲ ಅಂತ ಇಲ್ಲಿ ನಟ್ ಕೊಡಾಕ ಕುಂದ್ರಿಸ್ಯಾರ. ಮಾಲಕರಿಗೆ ಕನಿಕರ. ಮನಿ ಬಾಜೂದವರಿಗೆ ಕನಿಕರ. ನಿಮಗೂ ಅದ ಆಗಿದ್ರ, ನಾ ಕಾಲು ಬೀಳ್ತೀನಿ, ಹೋಗ್ಬಿಡ್ರಿ. ಅದೊಂದು ನಿಮ್ಮಿಂದ ನನಗ ತಡಕೊಳ್ಳಾಕ ಆಗಂಗಿಲ್ಲ.”

ಅವಳಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಬಂದ, ಸ್ವಚ್ಛವಾದ ಸಿಟ್ಟು.

“ಕನಿಕರ ಇದ್ದಿದ್ರ ಏನ್ಮಾಡ್ತಿದ್ನಿ ಗೊತ್ತೇನು? ನಿಮ್ಮ ಪಟ್ಟಿ ಭಾಳ ಚಂದ ಆಗ್ಯಾವ ಅಂತ ನಿಮ್ಮ ಮುಂದ ಹೇಳಿ, ಮನಿಗೆ ಹೋಗಿ ಬಿಚ್ಚಿ, ನಾನ ಮತ್ತ ಹೆಣೀತಿದ್ನಿ. ಕ್ಲಿನಿಕ್ಕಿನ್ಯಾಗ ಎಲ್ಲಾರಿಗೂ ಚಂದ ಆಗೇತಿ ಅಂತ ಹೇಳೂದ ನನ್ನ ಕೆಲಸ. ನಿಮಗೊಬ್ಬರಿಗೆ ಹಲಗಿ ಆಗೇತಿ ಅಂದೇನಿ. ನಿಮ್ಮದೊಂದ ಬಿಚ್ಚಿಲ್ಲ. ಜಗ್ಗಿ ಜಗ್ಗಿ ದಡಿ ಸುಕ್ಕಾದ್ರೂ ಬಿಚ್ಚಿಲ್ಲ.”

ಕೌಂಟರಿನ ಆಚೆ ಯಾರೋ ಎಂಟು ನಂಬರಿನ ಬೋಲ್ಟು ಕೇಳಿದರು. ಕೇದಾರಿ ಅತ್ತ ನೋಡಲಿಲ್ಲ. ಕೇಳಿದವರು ತಾವೇ ಡಬ್ಬಿ ಹುಡುಕತೊಡಗಿದರು.

“ನಿಮ್ಮ ಲಗ್ನಕ್ಕ ಅಂತ ಗೊತ್ತಾದ ಮ್ಯಾಲ ಎರಡನೇ ಪಟ್ಟಿ ಯಾಕ ಕೇಳಿದ್ನಿ, ವಿಚಾರ ಮಾಡಿರೇನು?” ಅಂದ ಅವನು. ದನಿ ಇಳಿದಿತ್ತು. “ನಿಮ್ಮನ್ನಂತೂ ಕೇಳಾಕ ಧೈರ್ಯ ಇರಲಿಲ್ಲ. ನೀವು ಎಲ್ಲೇ ಹೋದ್ರೂ, ಥಂಡಿ ದಿನದಾಗ ನನ್ನದು ಒಂದಿಷ್ಟು ನಿಮ್ಮ ಮೈಮ್ಯಾಲ ಇರ್ಲಿ ಅಂತ.”

ಅವಳು ಕೌಂಟರಿನ ಅಂಚು ಹಿಡಿದಳು. ಅವನ ನೆಟ್ಟಗಿನ ಎರಡು ಬೆರಳಿಗೂ ಅವಳ ಕಿರುಬೆರಳಿಗೂ ನಡುವೆ ಒಂದು ವಾಶರ್ ಇಡುವಷ್ಟು ಜಾಗವಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಯಾರು ಸರಿಸಿದರೋ ಗೊತ್ತಿಲ್ಲ, ಆ ಜಾಗ ಹೋಯಿತು.

“ಗುರುವಾರ ಮನಿಗೆ ಬರಾಕ ಹೇಳ್ಯಾರ ಅಪ್ಪ,” ಅಂದಳು ಕೊನೆಗೆ.

“ಒಬ್ಬನ ಬರಂಗಿಲ್ಲ. ಅವ್ವನ್ನ ಕರ್ಕೊಂಡು ಬರ್ತೀನಿ.”

ಅವ್ವನನ್ನು ಕರೆದುಕೊಂಡು ಬರುವುದೆಂದರೆ ಏನು ಕೇಳಲು ಬರುವುದು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಕಿವಿ ಬಿಸಿಯಾಯಿತು. ಅವನು ಮಾತ್ರ ಇನ್ನೂ ಏನನ್ನೋ ಲೆಕ್ಕ ಹಾಕುವವನಂತೆ ನಿಂತಿದ್ದ.

“ನಿಮ್ಮ ಅವ್ವಾರು?”

“ಮಾತು ಬಿಟ್ಟಾಳ.”

“ನಮ್ಮ ಅವ್ವಗ ಮೊಣಕಾಲ ನೋವು. ಭಾಳ ಹೊತ್ತು ನಿಲ್ಲಾಕ ಆಗಂಗಿಲ್ಲ. ಕುಂದರ್ರಿ ಅಂತಾರಿಲ್ಲೋ ನಿಮ್ಮವ್ವಾರು?”

ಅಂತಾರೆ ಅಂತ ಹೇಳಿಬಿಡಬಹುದಿತ್ತು. ಅವಳು ಯೋಚಿಸಿದಳು. ಅವ್ವನ ಮುಖ ನೆನಪು ಮಾಡಿಕೊಂಡಳು. ಸುಳ್ಳು ಹೇಳುವುದು ಈಗ ಅವಳಿಗೆ ಆಗುತ್ತಿರಲಿಲ್ಲ.

“ಗೊತ್ತಿಲ್ಲರಿ,” ಅಂದಳು. “ನಿಮ್ಮ ಅವ್ವಾರನ್ನ ನಾ ಕೈ ಹಿಡಿದು ಕುಂದ್ರಸ್ತೀನಿ. ನಿಮ್ಮನ್ನ ನಿಲ್ಲಿಸಿದ್ರ, ಬಾಜೂಕ ನಾನೂ ನಿಂತಿರ್ತೀನಿ.”