ಸ್ಮಾರ್ಟ್ ಬೋರ್ಡ್ ಉಜ್ಜಿದ ಕೈ

ಐದನೇ ತರಗತಿಯ ಬಾಗಿಲು ತೆರೆದ ಬಾಳವ್ವ ಕೈಲಿದ್ದ ಕಸಬರಿಗೆಯನ್ನು ಅಲ್ಲೇ ಬಿಟ್ಟಳು.

"ಅಯ್ಯ ಶಿವನ! ಹೆಡ್ ಸರ, ಲಗೂ ಬರ್ರಿ!"

ಗೋಡೆಯ ಮೇಲಿನ ಹೊಸ ಸ್ಮಾರ್ಟ್ ಬೋರ್ಡು ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಗಿತ್ತು. ಮೇಲಿನ ಎಡಮೂಲೆಯಲ್ಲಿ ಗೀರಿನ ಮೇಲೆ ಗೀರು. ಅಲ್ಲಿಂದ ಬಿಳಿ ಮಬ್ಬು ಉದ್ದಕ್ಕೂ ಹರಿದಿಳಿದು ಚೌಕಟ್ಟಿನೊಳಗೆ ಸೇರಿತ್ತು. ಗುಂಡಿ ಒತ್ತಿದರೆ ಸದ್ದಿಲ್ಲ, ಬೆಳಕಿಲ್ಲ. ಅಂದೇ ಶಿಕ್ಷಣಾಧಿಕಾರಿಗಳು ಬಂದು ರಿಬ್ಬನ್ ಕತ್ತರಿಸಬೇಕಿತ್ತು. ಬಾಗಿಲಿಗೆ ಮಾವಿನ ತೋರಣ ಬೇರೆ!

ಮುಖ್ಯೋಪಾಧ್ಯಾಯ ಕುಬೇರಪ್ಪ ಎರಡು ಕಡೆ ಫೋನ್ ಮಾಡಿದರು. ಒಂದು ಪೊಲೀಸರಿಗೆ. ಇನ್ನೊಂದು ಶಹಬಾಜನಿಗೆ— "ಬೋರ್ಡ್ ಚಾಲೂ ಆಗವಲ್ದು, ಬಾ" ಎಂದಷ್ಟೇ ಹೇಳಿ.

ದೇಶಪಾಂಡೆ ನಗರದಲ್ಲಿ ತನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎತ್ತುತ್ತಿದ್ದ ಶಹಬಾಜ ಅದನ್ನು ಹಾಗೇ ಇಳಿಸಿ, ಬೈಕ್ ಹತ್ತಿ ನವನಗರಕ್ಕೆ ಬಂದ. ಬೋರ್ಡು ಕೂಡಿಸಿದವನು ಅವನೇ. ಇದೇ ಶಾಲೆಯಲ್ಲಿ ಏಳನೆಯದನ್ನು ಅರ್ಧಕ್ಕೇ ಬಿಟ್ಟವನೂ ಅವನೇ. ಈಗ ಅವನ ಮಗಳು ಇಲ್ಲೇ ಮೂರನೆಯದರಲ್ಲಿ ಓದುತ್ತಾಳೆ. ಗೇಟಿನ ಮುಂದೆ ಪೊಲೀಸ್ ಜೀಪು ಕಂಡಾಗಲೂ ಅದು ತನಗಾಗಿ ನಿಂತಿದೆಯೆಂದು ಅವನಿಗೆ ಹೊಳೆಯಲಿಲ್ಲ.

"ಇಂವನ ನೋಡ್ರಿ ಮೇಡಂ!" ಕುಬೇರಪ್ಪ ಬೆರಳು ಚಾಚಿದರು. "ಬೋರ್ಡ್ ಕೆಡಿಸಿದಾಂವ ಇಂವನ!"

ಸಬ್ ಇನ್‌ಸ್ಪೆಕ್ಟರ್ ದ್ರಾಕ್ಷಾಯಿಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನ್ನಿ ಕಡೀಕ ಈ ಖೋಲ್ಯಾಗಿಂದ ಹೊರಗ ಬಿದ್ದವರು ಯಾರು?"

"ನಾನರಿ. ವೈರಿಂಗ್ ಮುಗಿಸಿ, ಕೀಲಿ ಹಾಕಿ, ಹೆಡ್ ಸರ್ ಕೈಯಾಗ ಕೊಟ್ಟೇನಿ."

"ಜಗಳ ಆತಂತ?"

"ಆತ್ರಿ. ಸರಗೋಳಿಗೆ ಬೋರ್ಡ್ ನಡಸೂದು ಕಲಿಸಿಕೊಡ್ತೇನಿ, ಕುಂಡ್ರಿ ಅಂದೆ. 'ಏಳನೇತ್ತಾ ದಾಟದಾಂವ ನಮಗ ಕಲಸ್ತಾನಂತ' ಅಂದ್ರು ಹೆಡ್ ಸರ. ಎಲ್ಲಾರೂ ನಕ್ಕರು."

"ನೀ ಏನಂದಿ?"

"'ಹಂಗಾರ ಅದಕ್ಕ ಊದಿನಕಡ್ಡಿ ಬೆಳಗ್ರಿ' ಅಂದೆ."

ಬಾಗಿಲಲ್ಲಿದ್ದ ಪೇದೆ ನಗು ನುಂಗಿದ.

"ಕೇಳಿದ್ರಲ್ರಿ? ಸೊಕ್ಕು!" ಎಂದರು ಕುಬೇರಪ್ಪ. "ಸಾಲಿ ಬಿಟ್ಟಾವರ ಹಣೇಬಾರನ ಇಷ್ಟು. ಕಟ್ಟಾಕ ಬರಂಗಿಲ್ಲ, ಕೆಡಸಾಕ ಮುಂದ!"

ಶಹಬಾಜನ ಕಿವಿ ಕಾದವು. ಕಟ್ಟಿದವನೇ ನಾನಲ್ಲವೇ? ಗೋಡೆಗೆ ತೂತು ಕೊರೆದದ್ದು ಯಾರು, ಇವರಪ್ಪನೇ? ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಕಿಟಕಿಯತ್ತ ಕಣ್ಣು ಹೋಯಿತು. ಸರಳುಗಳ ಆಚೆ ಮಕ್ಕಳ ಹಿಂಡು. ನಡುವೆ ಅವನ ಮಗಳು. ಪಕ್ಕದ ಹುಡುಗ ಅವಳ ಕಿವಿಯಲ್ಲಿ ಏನೋ ಊದಿದ. ಅವಳು ತಲೆ ತಗ್ಗಿಸಿದಳು.

ಈಗ ಜೀಪು ಹತ್ತಿದರೆ ಮುಗಿಯಿತು. ಅವನು ಇವತ್ತೋ ನಾಳೆಯೋ ಬಿಡುಗಡೆಯಾಗಿ ಬಂದಾನು. ಅವಳು ಮಾತ್ರ ಈ ಶಾಲೆ ಮುಗಿಯುವತನಕ ಪೊಲೀಸರು ಹಿಡಿದೊಯ್ದವನ ಮಗಳು.

ದ್ರಾಕ್ಷಾಯಿಣಿ ಬೋರ್ಡಿನ ಹತ್ತಿರ ಹೋಗಿ ಮೂಸಿದರು. "ಥಿನ್ನರ್. ನಿನ್ನ ಅಂಗಡ್ಯಾಗ ಇರತೈತಿ?"

ಸುಳ್ಳು ಹೇಳಲೇ? "ಐತ್ರಿ... ಒಂದು ಬಾಟ್ಲಿ."

"ಮುಗೀತಲ್ರಿ!" ಕುಬೇರಪ್ಪ ಕೈ ತಟ್ಟಿದರು.

ಆಗ ಮೂಲೆಯಿಂದ ಮೆತ್ತನೆಯ ದನಿಯೊಂದು ಬಂತು. ಗಣಿತದ ವಿಜಯೀಂದ್ರ ಮಾಸ್ತರರು. ಇಡೀ ಶಾಲೆ ಕಾಲಿಗೆ ಬೀಳುವ ಹಿರಿಯರು.

"ಹೋಗ್ಲಿ ಬಿಡ್ರಿ ಮೇಡಂ. ಸಿಟ್ಟಿನಾಗ ಮಾಡ್ಯಾನ. ನಮ್ಮ ಹುಡುಗನ ಅವ. ತಪ್ಪಾತು ಅಂತ ಒಪ್ಕೊಂಡು ಹೋಗಿಬಿಡ್ಲಿ. ಕೇಸು ಬ್ಯಾಡ."

"ಮಾಡಲಾರದ್ದನ್ನ ಹೆಂಗ ಒಪ್ಪಲಿ ಸರ?" ಶಹಬಾಜ ಮಾಸ್ತರರತ್ತ ತಿರುಗಿದ.

ಮಾಸ್ತರರು ಅವನ ಮುಖ ನೋಡಲಿಲ್ಲ.

"ಹೆಡ್ ಸರ, ಕೀಲಿಕೈ ರಾತ್ರಿ ಎಲ್ಲಿತ್ರಿ?" ದ್ರಾಕ್ಷಾಯಿಣಿ ತಿರುಗಿದರು.

"ಸ್ಟಾಫ್ ರೂಮಿನ ಮೊಳಿಗೆ."

"ಅಂದ್ರ ಯಾವ ಸರ ಬೇಕಾದ್ರೂ ತಗೋಬಹುದಿತ್ತು?"

"ಮೇಡಂ! ಮಾಸ್ತರ ಮ್ಯಾಲೆ ಸಂಶೇನ?"

ದ್ರಾಕ್ಷಾಯಿಣಿ ಕುರ್ಚಿ ಎಳೆದು ಹತ್ತಿ, ಎಡಮೂಲೆಯ ಗೀರುಗಳ ಮೇಲೆ ಬೆರಳಾಡಿಸಿದರು. ಇಳಿದು ಪಕ್ಕದ ಕೋಣೆಗೆ ಹೋದರು. ಅಲ್ಲಿಂದ ಅದರಾಚೆಯ ಕೋಣೆಗೆ. ಮರಳಿ ಬಂದಾಗ ಅವರ ಮುಖ ಬಿಗಿದಿತ್ತು.

"ಸಿಟ್ಟು ಬಂದಾಂವ ಎಲ್ಲಿ ಹೊಡೀತಾನ್ರಿ? ನಟ್ಟ ನಡುವ. ಕಲ್ಲು ತಗೊಂಡು ಒಂದ ಏಟು, ಓಡಿ ಹೋಗ್ತಾನ. ಇಲ್ಲಿ ನಡುವ ಒಂದು ಗೀರಿಲ್ಲ. ಮೂಲ್ಯಾಗ ಅಷ್ಟ ತಿಕ್ಕ್ಯಾರ. ಅದೂ ನೆಟ್ಟಗ, ಗೆರಿ ಹಿಡದು. ಉಳಿದದ್ದು ಹರಿದ ಥಿನ್ನರ್. ಕೆಡಸಾಕ ತಿಕ್ಕಿದ್ದಲ್ಲ ಇದು. ಅಳಿಸಾಕ ತಿಕ್ಕಿದ್ದು!"

"ಅಳಿಸಾಕ? ಏನನ್ನ?"

"ಬಾಜೂ ಖೋಲಿ ಕರೀ ಹಲಗಿ ನೋಡ್ರಿ. ಅದ ಎಡಮೂಲ್ಯಾಗ ಎಣ್ಣಿ ಬಣ್ಣದ ಚೌಕ ಐತಿ— ದಿನಾಂಕ, ವಿಷಯ, ಒಟ್ಟು, ಹಾಜರು. ಎಲ್ಲಾ ಖೋಲ್ಯಾಗೂ ಐತಿ. ನಾ ಕಲಿತ ಸಾಲ್ಯಾಗೂ ಇತ್ತು. ಚೌಕ ಇಲ್ಲದ ಹಲಗಿ ಹಲಗೀನ ಅಲ್ಲ ನಮಗ. ಸಾಹೇಬ್ರು ಬರ್ತಾರ, ಛಲೋ ಕಾಣಲಿ ಅಂತ ಯಾರೋ ಈ ಗಾಜಿಗೂ ಬ್ರಷ್ ಹಿಡದಾರ. ಆಮ್ಯಾಲೆ ಬಟನ್ ಒತ್ತ್ಯಾರ. ಪರದೆ ಮ್ಯಾಲೆ ಏನ ಬರಲಿ, ಚೌಕ ಅದರ ಮ್ಯಾಲೆ ಕುಂತ ಐತಿ! ಗಾಬರಿ ಆಗಿ ಬಣ್ಣ ಬಿಡಸಾಕ ಥಿನ್ನರ್ ಸುರವ್ಯಾರ, ಪಾಲಿಶ್ ಪೇಪರ್ ಹಾಕಿ ಉಜ್ಜ್ಯಾರ. ಥಿನ್ನರ್ ಒಳಗ ಇಳದು ಮಷೀನ ಸತ್ತೈತಿ."

ಅವರು ಕುಬೇರಪ್ಪನವರ ಕಡೆ ತಿರುಗಿದರು.

"ಹೆಡ್ ಸರ, ಈ ಸಾಲ್ಯಾಗ ಆ ಚೌಕ ಬರಿಯೂ ಕೈ ಯಾರ್ದು?"

ಕುಬೇರಪ್ಪ ಬಾಯಿ ತೆರೆದರು, ಮುಚ್ಚಿದರು. ಆದರೆ ಕಣ್ಣು ಸುಮ್ಮನಿರಬೇಕಲ್ಲ? ಅದು ಮೂಲೆಗೆ ಹೊರಳಿತು.

ವಿಜಯೀಂದ್ರ ಮಾಸ್ತರರು ಬೆಂಚಿನ ಮೇಲೆ ಕುಸಿದರು.

"ಇದೂ ಹಲಗೀನ ಅಂತ ತಿಳಕೊಂಡೆ... ಅದನ್ನ ನಡಸ್ಲಿಕ್ಕೆ ನನಗ ಬರೂದಿಲ್ಲ. ಚೌಕ ಆದ್ರೂ ಛಂದ ಬರೀಬೇಕಂತ... ಬೆಳಿಗ್ಗೆ ಹೇಳಬೇಕಂತನ ಬಂದಿದ್ದೆ. ಬಾಯಿ ಬರ್ಲಿಲ್ಲ."

"ಇರ್ಲಿ ಬಿಡ್ರಿ ಮೇಡಂ," ಕುಬೇರಪ್ಪ ಥಟ್ಟನೆ ಎಚ್ಚೆತ್ತರು. "ಹಿರೇರು. ಕೈತಪ್ಪಿಂದ ಆಗೇತಿ. ಕೇಸು ಗೀಸು ಏನೂ ಬ್ಯಾಡ. ಶಹಬಾಜ, ನೀ ಹೋಗಪಾ."

ನೋಡಿ, ಎಷ್ಟು ಬೇಗ! ಸಾಲಿ ಬಿಟ್ಟವನು ಮಾಡಿದನೆಂದಾಗ ಪೊಲೀಸ್ ಕೇಸು. ಮಾಸ್ತರರು ಮಾಡಿದಾಗ ಕೈತಪ್ಪು.

ಶಹಬಾಜ ಹೋಗಲಿಲ್ಲ. ವಿಜಯೀಂದ್ರ ಮಾಸ್ತರರ ಎದುರಿಗೆ ಬಂದು ನಿಂತ.

"ಸರ, ಏಳನೇತ್ತಾದಾಗ ನೀವು ಭಿನ್ನರಾಶಿ ಕೇಳಿದ್ರಿ. ಬರೂದಿಲ್ರಿ ಅಂದೆ. ಬರೂತನಾ ಹೊರಗ ನಿಂದ್ರು ಅಂದ್ರಿ. ದಿನಾ ನಿಂತೆ. ಯಾರೂ ಕಲಿಸಲಿಲ್ಲ. ಒಂದಿನ ಹಂಗ ಗೇಟ್ ದಾಟಿ ಹ್ವಾದೆ. ನಿನ್ನಿ ನೀವು ಬರೂದಿಲ್ಲಪಾ ಅಂದಿದ್ರ, ಬಾಜೂಕ ಕುಂತು ಕಲಿಸ್ತಿದ್ದೆ. ಹೊರಗ ನಿಂದ್ರಸ್ತಿರ್ಲಿಲ್ಲ."

ಅವನು ಕಿಟಕಿಯತ್ತ ತಿರುಗಿದ.

"ಕೇಸು ನನಗೂ ಬ್ಯಾಡ್ರಿ. ನನ್ನ ಮಗಳು ಅಲ್ಲಿ ನಿಂತಾಳ. ಅಕಿಗೆ ಹೇಳ್ರಿ, ಯಾರು ಮಾಡಿದ್ರು ಅಂತ."

ದ್ರಾಕ್ಷಾಯಿಣಿ ಬಾಗಿಲಿಗೆ ಅಡ್ಡ ನಿಂತು ಕಿಟಕಿಯತ್ತ ಕೈ ತೋರಿದರು. ಮಾಸ್ತರರು ಎದ್ದು ಹೋಗಿ ಸರಳು ಹಿಡಿದರು.

"ಮಕ್ಕಳ... ಬೋರ್ಡ್ ಕೆಡಿಸಿದಾಂವ ನಾನು. ಶಹಬಾಜ ಅಲ್ಲ."

"ಸರ, ಹಿಂದ ಕೇಳಸವಲ್ದ್ರಿ!" ಯಾವುದೋ ಹುಡುಗಿ ಕೂಗಿದಳು.

ಶಹಬಾಜ ಮಗಳ ಮುಖದಿಂದ ಕಣ್ಣು ಕೀಳಲಿಲ್ಲ.

"ಜೋರಾಗಿ ಹೇಳ್ರಿ ಸರ," ಎಂದ. "ಹಿಂದಿನವರಿಗೂ ಕೇಳ್ಬೇಕು."