ಸಣ್ಣೀರಿ ಮತ್ತು ಮೂರು ಒಂಬತ್ತು

ಬಲು ಹಿಂದೆ, ಏಳು ಗುಡ್ಡದಾಚೆ ಬಿದಿರೂರು ಎಂಬ ರಾಜ್ಯವಿತ್ತು. ಅಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುವ ಸಣ್ಣೀರಿ ಎಂಬ ಹುಡುಗಿಯಿದ್ದಳು. ಅವಳಿಗೆ ಇದ್ದವನು ಒಬ್ಬನೇ ಅಣ್ಣ, ಕೆಂಚ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ ಅವನು ಮಬ್ಬಾಸುರನೆಂಬ ಮಾಯಾವಿಯ ಕೋಟೆಗೆ ನುಗ್ಗಿ ಕಲ್ಲಾಗಿಬಿಟ್ಟ. ಸಣ್ಣೀರಿ ಮೂರು ದಿನ ಅತ್ತಳು, ನಾಲ್ಕನೆಯ ದಿನ ಅವನನ್ನು ಬಿಡಿಸಲು ಹೊರಟಳು.

ಕೋಟೆಗೆ ಎರಡು ಬಾಗಿಲು. ಒಂದರ ಮೇಲೆ 98, ಇನ್ನೊಂದರ ಮೇಲೆ 102. ಕಾವಲಿನ ಮೊಸಳೆ ಆಕಳಿಸಿ, "ದೊಡ್ಡ ಸಂಖ್ಯೆ ಇರೋದನ್ನ ತಳ್ಳವ್ವ. ತಪ್ಪಿದ್ರೆ ಕಲ್ಲಾಗ್ತೀಯ. ನಿಮ್ಮಣ್ಣ ಒಂಬತ್ತು, ಎಂಟು ಕಂಡು ಮರುಳಾದ," ಎಂದಿತು.

ಸಣ್ಣೀರಿಯ ಮನೆಯಲ್ಲಿ ಹತ್ತು ಸೀಳಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ಹೊರೆ, ಹತ್ತು ಹೊರೆಗೆ ಒಂದು ಗಾಡಿ. "98ರಲ್ಲಿ ಒಂಬತ್ತು ಕಟ್ಟು, ಎಂಟು ಬಿಡಿ ಸೀಳು. 102ರಲ್ಲಿ ಹೊರೆನೇ ಐತಲ್ಲ," ಎಂದು 102ನ್ನು ತಳ್ಳಿದಳು. ಬಾಗಿಲು ತೆರೆಯಿತು.

ಒಳಗೆ ಮೂರು ಹುಲಿ ಮಲಗಿದ್ದವು. ಹಣೆಯ ಮೇಲೆ 450, 504, 405. ಚಿಕ್ಕದರಿಂದ ದೊಡ್ಡದಕ್ಕೆ ಎಬ್ಬಿಸಿದರೆ ದಾರಿ, ಇಲ್ಲದಿದ್ದರೆ ಹುಲಿಯ ಹೊಟ್ಟೆ ಎಂದು ಗೋಡೆಯ ಮೇಲೆ ಬರೆದಿತ್ತು. ಅವಳು ಮೊದಲು ಹೊರೆ ನೋಡಿದಳು. 504ರಲ್ಲಿ ಐದು, ಅದು ಕೊನೆಗಿರಲಿ. ಉಳಿದೆರಡರಲ್ಲೂ ನಾಲ್ಕು ನಾಲ್ಕು. ಹೊರೆ ಸಮವಾದರೆ ಕಟ್ಟು ನೋಡಬೇಕು. 405ರಲ್ಲಿ ಕಟ್ಟಿನ ಜಾಗದಲ್ಲಿ ಸೊನ್ನೆ, 450ರಲ್ಲಿ ಐದು. 405, 450, 504 ಎಂದು ಒಂದೊಂದರ ಬೆನ್ನು ತಟ್ಟಿದಳು. ಹುಲಿಗಳು ಬಾಲ ಮುದುರಿಕೊಂಡು ಪಕ್ಕಕ್ಕೆ ಸರಿದವು.

ಅಂಗಳದ ತುಂಬ ಕಲ್ಲುಗಳು. ನಡುವೆ ಮಬ್ಬಾಸುರ ಮೀಸೆ ತೀಡುತ್ತ ಕೂತಿದ್ದ. ನಯವಂಚಕ, ಬೆಲ್ಲದಂಥ ಮಾತು.

"ಬಂದ ಕ್ರಮದಲ್ಲೇ ಈ ಕಲ್ಲಾದವರನ್ನ ಬಿಡ್ತೀನಿ ಕಣಮ್ಮ. 999 ಜನ ಬೇಕೋ, 1000 ಬೇಕೋ? ಅಲ್ಲಿ ಮೂರು ಮೂರು ಒಂಬತ್ತು. ಇಲ್ಲಿ ಒಂದರ ಹಿಂದೆ ಬರೀ ಸೊನ್ನೆ."

ಒಂಬತ್ತುಗಳನ್ನು ಕಂಡು ಸಣ್ಣೀರಿಗೂ ಒಂದು ಗಳಿಗೆ ಆಸೆಯಾಯಿತು. ಆಮೇಲೆ ನಿಧಾನವಾಗಿ ಹೇಳಿದಳು: "ಒಂಬತ್ತು ಹೊರೆ, ಒಂಬತ್ತು ಕಟ್ಟು, ಒಂಬತ್ತು ಸೀಳು. ಎಲ್ಲ ಸೇರಿದ್ರೂ ಗಾಡಿ ತುಂಬಕ್ಕೆ ಇನ್ನೊಂದು ಸೀಳು ಬೇಕು. ನಂಗೆ ಸಾವಿರ ಜನಾನೂ ಕೊಡು."

ಮಬ್ಬಾಸುರನ ಮುಖ ಕಪ್ಪಿಟ್ಟಿತು. ಕಲ್ಲುಗಳು ಒಂದೊಂದಾಗಿ ಮನುಷ್ಯರಾಗಿ ಎದ್ದವು. ಎದ್ದವರ ಮುಖವನ್ನೆಲ್ಲ ಅವಳು ನೋಡಿದಳು. ಒಂಬೈನೂರ ತೊಂಬತ್ತೊಂಬತ್ತು ಜನ ಎದ್ದರೂ ಕೆಂಚನಿಲ್ಲ. ಆಗ ಮೂಲೆಯಲ್ಲಿದ್ದ ಕಟ್ಟಕಡೆಯ ಕಲ್ಲು ಮಿಸುಕಿತು. ಕೆಂಚ ಕಣ್ಣುಜ್ಜಿಕೊಂಡು ಎದ್ದು ಕುಳಿತ.

ಸೆರೆಯವರೆಲ್ಲ ಎದ್ದ ಮೇಲೆ ಮಬ್ಬಾಸುರನ ಮಾಯೆ ಕರಗಿತು, ಅವನೂ ಹೊಗೆಯಾಗಿ ಹೋದ. ಆ ಸಂಜೆ ಸಾವಿರ ಜನ ಮನೆ ಸೇರಿದರು, ಉಂಡು ತಿಂದು ಸುಖವಾಗಿ ಬಾಳಿದರು.

ಅಂದು ಮನೆಗೆ ಹೋಗುವ ದಾರಿಯಲ್ಲಿ ಕೆಂಚ ಕೇಳಿದ, "ನಾನು ಎಷ್ಟನೆಯವನಾಗಿದ್ದೆ, ತಂಗಿ?"

ಸಣ್ಣೀರಿ ಅವನ ಕೈ ಬಿಗಿಯಾಗಿ ಹಿಡಿದುಕೊಂಡಳು. "ಸಾವಿರದವನು ಕಣಣ್ಣ."